ಏಳಲಿ ಮೊದಲು

ಒಂಬತ್ತಕ್ಕ ಶಟರ್ ಎತ್ತಿ ಗುಂಡಿ ಒತ್ತಿದೆ.
ಫ್ಯಾನು ಗುಂಯ್ ಅಂತು, ಕಂಪನಿ ಹೆಸರು ಬಂತು,
ಆಮ್ಯಾಲೆ ಚುಕ್ಕಿ.
ಐದು ಬಿಳಿ ಚುಕ್ಕಿ, ಒಂದರ ಬೆನ್ನಿಗೆ ಒಂದು,
ಗಾಣದ ಎತ್ತಿನಂಗ ಸುತ್ತಾಕ ಹತ್ತಿದ್ವು.
ಒಂದು ಹೊತ್ತಿನ್ಯಾಗ ಅವೂ ನಿಂತ್ವು,
ಯಾಕ ಸುತ್ತತಿದ್ವಿ ಅನ್ನೂದ ಮರತವರಂಗ.

ಚಹಾ ತರಿಸಿ ಕುಡದೆ. ಕಸ ಹೊಡದೆ.
ಊದಿನಕಡ್ಡಿ ಹಚ್ಚಿ ಸಿಪಿಯುಗೂ ಒಂದು ಸುತ್ತು ತೋರಿಸಿದೆ.
ಐದು ಚುಕ್ಕಿ, ಇದ್ದಲ್ಲೇ ಐದು.

ಬೆಟಗೇರಿಯ ನಮ್ಮ ಪ್ರೆಸ್ಸಿನ್ಯಾಗ
ಇವತ್ತ ಹೊಂಟು ಹೋಗಬೇಕಾದ ಮಾಲು ಎರಡು:
ಏಳನೇತ್ತೆ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ, ಇನ್ನೂರು ಪ್ರತಿ.
ಫಕ್ಕೀರವ್ವನ ಖಾರಪುಡಿ, ಕಾಲುಕಿಲೋ ಪಾಕೀಟಿನ ಲೇಬಲ್ಲು.
"ಖಾರಕ್ಕಿಂತ ಬಣ್ಣ ಹೆಚ್ಚು" ಅಂತ ಆಕೀನ ಬರಸಿದ್ದು,
ಸುಳ್ಳು ಹೇಳಾಕಿ ಅಲ್ಲ.

ವಿಠ್ಠಲಸಾ ಕಾಕಾ ಮೂಲ್ಯಾಗ ಬೈಂಡಿಂಗ್ ಹೊಲಕೋತ ನಕ್ಕ:
"ಮೊಳೆ ಜೋಡಸೂ ಕಾಲದಾಗ ಹ್ಯಾಂಗ್ ಗೀಂಗ್ ಇದ್ದಿಲ್ಲ ತಂಗೆವ್ವ.
ಬಹಳಂದ್ರ ಕೈಜಾರಿ ಚೆಲ್ಲತಿತ್ತು.
ಆಗ ಇಡೀ ಕನ್ನಡಾನ ನೆಲದಾಗ ಕುಂತು ಆರಸತಿದ್ವಿ,
ಒತ್ತು ಒಂದು ಕಡೆ, ಕೊಂಬು ಒಂದು ಕಡೆ."

ಹನ್ನೊಂದಕ್ಕ ದಾವಲಮಲಿಕ ಬಂದ,
ಹೆಲ್ಮೆಟ್ಟಿನ್ಯಾಗ ಸ್ಕ್ರೂಡ್ರೈವರ್ ಹಾಕ್ಕೊಂಡು.
ಏನೂ ಕೇಳಲಿಲ್ಲ, ಡಬ್ಬಿ ಹೊಟ್ಟಿ ಬಿಚ್ಚಿದ.
ಮೂರು ವರ್ಷದ ಕಾಗದದ ಧೂಳು.
ರ‍್ಯಾಮ್ ಪಟ್ಟಿ ತಗದು ನನ್ನ ರಬ್ಬರಿನಿಂದ ಅದರ ಹಲ್ಲು ತಿಕ್ಕಿದ.
ಎಂಟಾಣೆ ಬಿಲ್ಲೆಯಂಥ ಶೆಲ್ಲು ಬದಲಿಸಿದ. ಚುಕ್ಕಿ.
ಎಫ್ ಎಂಟು, ಎಫ್ ಎಂಟು, ಬಡದ ಬಡದ. ಚುಕ್ಕಿ.
ಆಮ್ಯಾಲೆ ಹಿಂದಕ್ಕ ಕೈ ಹಾಕಿ ಒಂದೊಂದ ಕಿತ್ತ:
ಪ್ರಿಂಟರಿನ ವಾಯರು, ಸ್ಕ್ಯಾನರಿಂದು,
ಮಾಲಕರ ಮಗ ಮೊಬೈಲಿಗೆ ಚುಚ್ಚಿ ಮರತದ್ದು,
ಬೆರಳ ಉದ್ದದ್ದು, ಹಸರು, ಒಂದು.
ಗುಂಡಿ ಒತ್ತಿದ.

ಎದ್ದಿತು!
ಕಪ್ಪತಗುಡ್ಡದ ಫೋಟೋ, ಅದರ ಮ್ಯಾಲೆ
ಕಾಳು ಚೆಲ್ಲಿದಂಗ ನನ್ನ ಫೈಲು.
ಪ್ರಶ್ನೆಪತ್ರಿಕೆ ತಗದೆ.
"ಚಾಲುಕ್ಯರ ರಾಜಧಾನಿ ಯಾವುದು" ಇರೂ ಜಾಗಾದಾಗ
ಡಾಲರ್ ಗುರುತು, ಅಲ್ಪವಿರಾಮ, ಇಂಗ್ಲಿಷ್ ವೈ, ಒಂದು ಒಂಟಿ ಕಂಸ.
ಫಕ್ಕೀರವ್ವನ ಖಾರಪುಡೀನೂ ಹಂಗ,
ಯಾರೋ ಸೀನಿದಂಗ.

"ಆ ಹಸರಂದು ಏನಪಾ, ಕಿತ್ತಿಯಲ್ಲ?"
"ನಿಮ್ಮ ಕನ್ನಡದ ಕೀಲಿ, ಅಕ್ಕ."

ಹಚ್ಚಿದರ ಏಳೂದಿಲ್ಲ. ಕಿತ್ತರ ಏಳತೈತಿ,
ಅಕ್ಷರ ಬರೂದಿಲ್ಲ.
ಕಾಕಾನ ಸೂಜಿ ನಿಂತಿತು.
ನನಗ ಸಿಟ್ಟು ಬಂತು: "ಧೂಳು ಇಟ್ಟಕೋತೈತಿ, ವೈರಸ್ ಇಟ್ಟಕೋತೈತಿ,
ಕನ್ನಡ ಒಂದ ಭಾರ ಆತೇನು?"

"ಭಾರ ಅಲ್ಲಕ್ಕ, ಹೊತ್ತು.
ಏಳೂ ಹೊತ್ತಿನ್ಯಾಗ ಮಷೀನು
ಎಲ್ಲಾ ಬಾಗಿಲಿಗೂ ಹೋಗಿ ಯಾರು, ಯಾರು ಅಂತ ಕೇಳತೈತಿ.
ಈ ಕೀಲಿ ಹಳೇದು. ಓ ಅನ್ನೂದು ತಡಾ.
ಅದು ಕಾಯಕೋತ ನಿಂತಬಿಡತೈತಿ.
ಮೊದಲು ಏಳಲಿ. ಆಮ್ಯಾಲೆ ಹಚ್ಚರಿ."

ಹಚ್ಚಿದೆ. ಕೀಲಿಯ ದೀಪ ಕಣ್ಣು ಹೊಡೀತು.
ಡಾಲರ್ ಇದ್ದಲ್ಲಿ ಚಾ ಬಂದು ಕುಂತಿತು,
ಅಲ್ಪವಿರಾಮ ಬೆಳದು ಲು ಆತು,
ಕ ತನ್ನ ಒತ್ತು ಹುಡಕ್ಕೊಂಡು ಬಂತು.
"ರ ಬಂತೇನು?" ಅಂದ ಕಾಕಾ, ಕನ್ನಡಕ ಏರಿಸಿ.
"ಅದು ಯಾವಾಗೂ ಕಡೀಕ ಸಿಗತಿತ್ತು."
ಬಂತು.

ನೂರಾ ಐವತ್ತು ಇಸಗೊಂಡ ದಾವಲಮಲಿಕ,
ಶೆಲ್ಲಿನ ರೊಕ್ಕ ಬ್ಯಾಡ ಅಂದ.
ಮಾನಿಟರಿನ ಅಂಚಿಗೆ ನಾನು ಚೀಟಿ ಅಂಟಿಸಿದೆ:
ಏಳಲಿ ಮೊದಲು.

ಮನ್ಯಾಗ ಮಗಳು ಶಾಂಭವಿ.
ಕಣ್ಣು ತೆರಿಯೂದರಾಗ
ಹಲ್ಲು ತಿಕ್ಕಿದಿ, ಡಬ್ಬಿ ತೊಳದಿ, ಲೆಕ್ಕಾ ಮಾಡಿದಿ ಅಂತ
ಮೂರು ಕೀಲಿ ಒಮ್ಮೆಲೆ ಚುಚ್ಚತಿದ್ದೆ.
ಹಾಸಿಗ್ಯಾಗ ಗೋಡಿ ನೋಡಕೋತ ಕುಂದರತಿದ್ದಳು.
ಮರುದಿನ ಬಾಯಿ ಕಟ್ಟಿ ರೊಟ್ಟಿ ಬಡಕೋತ ಕುಂತೆ.
ಏಳಕ್ಕ ಹತ್ತು ನಿಮಿಷ ಕಡಿಮಿ ಇದ್ದಾಗ
ಒಲಿ ಹತ್ತರ ಬಂದು ಹಣಿ ಮುಟ್ಟಿ ನೋಡಿದಳು:
"ಯವ್ವಾ, ಮೈಯಾಗ ಆರಾಮಿಲ್ಲೇನು?"